ಸುಧೀರನ ಅಮೈನೊ ಬಲ

"ಈ ಓಣಕ್ಕೆ ನಮ್ಮ ತಂಡದ ಕಡೆಯಾಳು ನಾನೇ! ಬೇಕಾದರೆ ಬರೆದಿಟ್ಟುಕೊ!"

ಮುಳ್ಳೇರಿಯದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಸುಧೀರ ಹೀಗೆಂದು ಘೋಷಿಸಿದಾಗ ಹೆಂಡತಿ ತೃಪ್ತಿ ಅಡುಗೆಮನೆಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದಳು. ತಲೆಯೆತ್ತಿ ನೋಡಲೂ ಇಲ್ಲ.

"ಬರೆಯುವುದೆಂತಕ್ಕೆ? ಝೆರಾಕ್ಸೇ ತೆಗೆದಿಡಿ," ಎಂದಳು.

ಕಡೆಯಾಳೆಂದರೆ ಸಾಮಾನ್ಯವಲ್ಲ ಸ್ವಾಮೀ! ಹಗ್ಗಜಗ್ಗಾಟದಲ್ಲಿ ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಹಿಂದೆ ಕಂಬದಂತೆ ನಿಲ್ಲುವವನು. ಅವನು ಅಲುಗಿದರೆ ತಂಡವೇ ಅಲುಗಿತು. ಕಳೆದ ಓಣಕ್ಕೆ ಸುಧೀರ ಎಲ್ಲರ ಮುಂದೆ ನಿಂತಿದ್ದ. ಬಾಯಾರು ಊರಿನ ತಂಡದವರು ಒಂದೇ ಎಳೆತಕ್ಕೆ ಅವನನ್ನು ಕೆಸರಿನಲ್ಲಿ ಹೊಟ್ಟೆಯಡಿಯಾಗಿ ಎಳೆದೊಯ್ದಿದ್ದರು. ಆ ವೀಡಿಯೊ ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಆಧಾರ್ ಪ್ರತಿ ಮಾಡಿಸಲು ಬಂದವರೂ "ಹೊಟ್ಟೆ ಹೇಗುಂಟು ಸುಧೀರಣ್ಣ?" ಎಂದು ವಿಚಾರಿಸಿಕೊಂಡೇ ಹೋಗುತ್ತಾರೆ. ಮಗಳು ಮೋಕ್ಷಿತಾ ಕೂಡ ಅದನ್ನು ನೋಡಿ ನಕ್ಕಿದ್ದಳು. ಪಾಪ, ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

ಹಾಗಾಗಿ ಕುಶಲ್ ಎಂಬವನ ಜಿಮ್ಮಿಗೆ ಸೇರಿ ಕಬ್ಬಿಣ ಎತ್ತತೊಡಗಿದ. ಎತ್ತುವುದು ಹತ್ತು ನಿಮಿಷ, ನರಳುವುದು ಎರಡು ದಿವಸ!

"ಅಮೈನೊ ಪುಡಿ ಕುಡಿದು ನೋಡಿ ಸುಧೀರಣ್ಣ," ಎಂದ ಕುಶಲ್. "ರಿಕವರಿಗೆ ಒಳ್ಳೆಯದು ಅಂತ ಎಲ್ಲ ಕುಡೀತಾರೆ. ನೀರಿಗೆ ಕಲಸಿದರೆ ಆಯ್ತು. ಶನಿವಾರ ಮನೆಗೇ ಮುಟ್ಟಿಸ್ತೇನೆ. ರುಚಿ ಮಾತ್ರ ಕೇಳಬೇಡಿ."

"ಕಿತ್ತಳೆ, ಕಲ್ಲಂಗಡಿ ಅಂತೆಲ್ಲ ಉಂಟಲ್ಲ ಮಾರಾಯ?"

"ಅದೆಲ್ಲ ಶೋಕಿಯವರಿಗೆ. ಇದು ಪ್ಲೇನ್. ಮೂಗು ಹಿಡಿದು ಒಂದೇ ಉಸಿರಿಗೆ ಇಳಿಸಬೇಕು."

ಕಷ್ಟ ಇದ್ದಷ್ಟೂ ಬಲ ಹೆಚ್ಚೆಂದು ಸುಧೀರ ತನ್ನಷ್ಟಕ್ಕೇ ತೀರ್ಮಾನಿಸಿದ.

ಇಲ್ಲಿ ನಿಮಗೊಂದು ವಿಷಯ ಹೇಳಲೇಬೇಕು. ಜಿಮ್ಮಿನ ಅಮೈನೊ ಬೇರೆ, ತೃಪ್ತಿಯ ಅಮೈನೊ ಬೇರೆ! ಕೃಷಿಭವನದ ತರಬೇತಿಗೆ ಹೋಗಿ ಬಂದ ನಮ್ಮ ಕಡೆಯ ಯಾವ ಹೆಂಗಸನ್ನಾದರೂ ಕೇಳಿ, ಅಮೈನೊ ಎಂದರೆ ಫಿಶ್ ಅಮೈನೊ. ಬೂತಾಯಿ ಮೀನು, ಬೆಲ್ಲ ಸಮಸಮ ಬೆರೆಸಿ, ಭರಣಿಯ ಬಾಯಿ ಕಟ್ಟಿ, ನಲ್ವತ್ತು ದಿವಸ ಕೊಳೆಸಿ ಸೋಸಿದ ರಸ. ಎರಡು ಚಮಚ ನೀರಿಗೆ ಹಾಕಿ ಚಿಮುಕಿಸಿದರೆ ಅಲಸಂಡೆ ಬಳ್ಳಿಗೆ ಹಬ್ಬ. ಹಾಗಾಗಿ ಶನಿವಾರ ಕುಶಲ್ ಬಂದು "ಅಮೈನೊ, ಸುಧೀರಣ್ಣ ಹೇಳಿದ್ದು" ಎಂದು ಡಬ್ಬಿ ಕೊಟ್ಟಾಗ ತೃಪ್ತಿಗೆ ಕಣ್ಣು ತುಂಬಿ ಬಂತು. ಗಂಡ ಕೊನೆಗೂ ತನ್ನ ತರಕಾರಿಯ ಬಗ್ಗೆ ಯೋಚನೆ ಮಾಡಿದನಲ್ಲ! ತಾನೇ ಮಾಡಿಟ್ಟ ಬಾಟಲಿಯ ರಸ ಮುಗಿದ ಮೇಲೆ ತೆರೆದರಾಯಿತೆಂದು ಡಬ್ಬಿ ಸೀದಾ ತಾರಸಿಗೆ ಹೋಗಿ ಗೊಬ್ಬರದ ಚೀಲದ ಪಕ್ಕ ಕುಳಿತಿತು.

ಆದಿತ್ಯವಾರ ಬೆಳಿಗ್ಗೆ ಕಡೆಯಾಳನ್ನು ಆರಿಸುವ ಪರೀಕ್ಷೆ. ಸುಧೀರ ಶೂಸಿನ ಲೇಸು ಕಟ್ಟುತ್ತಾ ಕೂಗಿದ:

"ತೃಪ್ತೀ! ಅಮೈನೊ ಎಲ್ಲಿ ಉಂಟು?"

"ಒಗೆಯುವ ಕಲ್ಲಿನ ಹತ್ತಿರ, ಬಾಟಲಿಯಲ್ಲಿ!" ತಾರಸಿಯಿಂದ ಉತ್ತರ ಬಂತು. "ಇವತ್ತು ನೀವೇ ಹಾಕ್ತೀರಾ?"

"ನಾನಲ್ಲದೆ ಮತ್ತೆ ಯಾರು? ಎಷ್ಟು ಹಾಕಬೇಕು?"

"ಲೀಟರ್ ನೀರಿಗೆ ಎರಡೇ ಚಮಚ. ಹೆಚ್ಚಾದರೆ ಸುಟ್ಟುಹೋಗ್ತದೆ ನೋಡಿ!"

ಸುಟ್ಟುಹೋಗಲಿ, ಅದಕ್ಕೇ ತಾನೆ ಇಷ್ಟೆಲ್ಲ! ಸುಧೀರ ಹೊಟ್ಟೆಯ ಕೊಬ್ಬನ್ನೊಮ್ಮೆ ಸವರಿಕೊಂಡು ಒಂದು ಲೋಟ ನೀರಿಗೆ ಆರು ಚಮಚ ಸುರಿದ. ಪುಡಿಯನ್ನು ಮೊದಲೇ ಕಲಸಿಟ್ಟ ಹೆಂಡತಿಯನ್ನು ಮನಸ್ಸಿನಲ್ಲೇ ಕೊಂಡಾಡಿದ. ಮೂಗು ಹಿಡಿದ. ಕಣ್ಣು ಮುಚ್ಚಿದ. ಗಟಗಟ!

ಮೂಗು ಬಿಟ್ಟ. ಅಯ್ಯಯ್ಯೋ! ಮೀನು ಮಾರ್ಕೆಟ್ಟೇ ಎದ್ದು ಬಂದು ಬಾಯೊಳಗೆ ಅಂಗಡಿ ಹಾಕಿತ್ತು. "ಎಂಥ ಬಲದ ಮದ್ದು!" ಎಂದು ಬೆರಗಾಗುತ್ತಾ ಮೈದಾನಕ್ಕೆ ಓಡಿದ. ಹಿಂದಿನಿಂದ ಎರಡು ಬೆಕ್ಕುಗಳೂ ಓಡಿದವು.

ತಂಡದ ನಾಯಕ ಯೋಗೀಶ ಅವನನ್ನು ಹಗ್ಗದ ತುದಿಗೆ ನಿಲ್ಲಿಸಿದ. ಎದುರಿಗೆ ಅಭ್ಯಾಸಕ್ಕೆಂದು ಕ್ಲಬ್ಬಿನ ಏಳು ಹುಡುಗರು. ಸೀಟಿ ಮೊಳಗಿತು. ಸುಧೀರ ಪೂರ್ತಿ ಬಲ ಹಾಕಿ ಬುಸ್ಸೆಂದು ಉಸಿರು ಬಿಟ್ಟ. ಜೊತೆಗೊಂದು ಭಾರೀ ತೇಗೂ ಬಂತು. ಅವನ ಮುಂದೆ ನಿಂತಿದ್ದ ಜನಾರ್ದನ "ಎಂತ ಮಾರಾಯ ಇದು!" ಎಂದು ಚೀರಿ ಹಗ್ಗ ಸಮೇತ ಮುಂದಕ್ಕೆ ಜಿಗಿದ. ಅವನ ಮುಂದಿನವನಿಗೂ ವಾಸನೆ ಬಡಿಯಿತು, ಅವನೂ ಜಿಗಿದ. ಹಿಂದಕ್ಕೆ ಎಳೆಯಬೇಕಾದ ತಂಡ ಪ್ರಾಣಭಯದಿಂದ ಮುಂದಕ್ಕೆ ಓಡಿ ತಾನಾಗಿಯೇ ಗೆರೆ ದಾಟಿಬಿಟ್ಟಿತು!

"ಎಂತ ತಿಂದು ಬಂದದ್ದು ನೀನು?" ಯೋಗೀಶ ಮೂಗು ಮುಚ್ಚಿಕೊಂಡೇ ಕೇಳಿದ.

ಉತ್ತರಿಸುವಷ್ಟರಲ್ಲಿ ಸುಧೀರನ ಫೋನು ರಿಂಗಾಯಿತು. ತೃಪ್ತಿಯ ಸ್ವರ ಮೈದಾನಕ್ಕೆಲ್ಲ ಕೇಳಿಸಿತು. "ಬಾಟಲಿಯಲ್ಲಿ ಕಮ್ಮಿ ಆಗಿದೆ, ಅಲಸಂಡೆ ಬುಡ ಒಣಗಿಯೇ ಉಂಟು! ಅಮೈನೊ ಎಲ್ಲಿಗೆ ಹಾಕಿದಿರಿ?"

"ಎಲ್ಲಿಗೆಂದರೆ? ಬಾಯಿಗೆ!"

"ಅಯ್ಯೋ ದೇವರೇ! ಅದು ಕೊಳೆತ ಬೂತಾಯಿ ರಸ! ಬಳ್ಳಿಗೆ ಬಿಡುವಂಥದ್ದು!"

ಸುಧೀರ ಫೋನನ್ನು ಯೋಗೀಶನ ಕೈಗೆ ತುರುಕಿ ಬೇಲಿಯತ್ತ ಓಡಿದ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ವಾಸನೆ ಮಾತ್ರ ಬರಲೊಪ್ಪಲಿಲ್ಲ. ನೆಲ ನೋಡುತ್ತಾ ಹಿಂದಿರುಗಿ, "ಜನಾರ್ದನನೇ ಕಡೆಯಾಳಾಗಲಿ. ನಾನು ಮನೆಗೆ ಹೋಗ್ತೇನೆ," ಎಂದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಹೋಗುವುದೆಂತಕ್ಕೆ? ಮುಂದೆ ಬಾ!" ಯೋಗೀಶ ಅವನನ್ನು ಎಳೆದು ಎಲ್ಲರಿಗಿಂತ ಮುಂದೆ, ಹುಡುಗರ ಮುಖಕ್ಕೆ ನೇರವಾಗಿ ನಿಲ್ಲಿಸಿದ.

ಮತ್ತೆ ಸೀಟಿ. ಸುಧೀರ ಬಾಯಿ ತೆರೆದನಷ್ಟೇ! ಎದುರಿನ ಏಳೂ ಮಂದಿ ಹಗ್ಗ ಬಿಟ್ಟು ಮೂಗು ಹಿಡಿದರು. ಇತ್ತ ತಂಡ ಒಬ್ಬರ ಮೇಲೊಬ್ಬರು ಮಗುಚಿ ಬಿದ್ದು ಗೆದ್ದಿತು.

"ಗೆದ್ದೆವು! ನೋಡಿದಿಯಾ ನನ್ನ ತಾಕತ್ತು?" ಬಿದ್ದಲ್ಲಿಂದಲೇ ಸುಧೀರ ಕೂಗಿದ.

ಯೋಗೀಶ ಆಗಲೇ ತೃಪ್ತಿಗೆ ಫೋನು ಹಚ್ಚಿದ್ದ.

"ತೃಪ್ತಿಯಕ್ಕಾ, ಬಾಯಾರಿನವರ ಜೊತೆ ಪಂದ್ಯ ತಿರುವೋಣದ ದಿವಸ. ಆ ಬಾಟಲಿಯಲ್ಲಿ ಉಳಿದದ್ದನ್ನು ಅಲಸಂಡೆಗೆ ಹಾಕಬೇಡಿ, ನಮಗೆ ಕಳಿಸಿ. ಸುಧೀರ ಬಾರದಿದ್ದರೂ ಅಡ್ಡಿಲ್ಲ!"