ಸೋತವರ ಮನೆಯ ಮಿರ್ಚಿ ಭಜಿ

ಗಣಿತ ಕಲಿಸುವವರಿಗೆ ಒಂದು ಚಟವಿರುತ್ತದೆ. ಲೆಕ್ಕಕ್ಕೆ ಸಿಗದ ಸಂಗತಿ ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ. ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ಮಾಸ್ತರನಾಗಿದ್ದಾಗ ಹಾಗೆ ನನ್ನ ಊಟ ಕೆಡಿಸಿದ್ದು ವಾಲಿಬಾಲ್. ಸಂಜೆಯಾದರೆ ಮಾಸ್ತರರಿಗೂ ಕಚೇರಿಯ ಗುಮಾಸ್ತರಿಗೂ ಪಂದ್ಯ. ಸೋತವರು ಗೆದ್ದವರಿಗೆ ಮಿರ್ಚಿ ಭಜಿ ತಿನ್ನಿಸುವುದು ಪದ್ಧತಿ. ಮೈದಾನಕ್ಕೆ ಹತ್ತಿರದ ಮನೆ ನಮ್ಮದು. ಸೋಲುವವರೂ ಹೆಚ್ಚಾಗಿ ನಾವೇ. ಹೀಗಾಗಿ ಗುಮಾಸ್ತರ ಗೆಲುವಿಗೆಲ್ಲ ಎಣ್ಣೆ ಕಾಯಿಸಿದವಳು ನನ್ನ ಹೆಂಡತಿ ಮಹಾದೇವಿ. ಒಂದು ದಿನ ಅವಳು ಬೆವರು ಒರೆಸಿಕೊಳ್ಳುತ್ತಾ, "ಇನ್ನೊಮ್ಮೆ ಸೋತ್ರ ಭಜಿ ನೀವ ಕರೀರಿ. ಉರಿ ಮುಂದ ನಿಂತು ನನಗ ಸಾಕಾಗ್ಯಾದ" ಎಂದುಬಿಟ್ಟಳು.

ಗೆಲ್ಲಲೇಬೇಕಾಯಿತು. ಗೆಲ್ಲಬೇಕಾದರೆ ಸೋಲಿನ ಲೆಕ್ಕ ಬೇಕು. ಅವರು ಚೆನ್ನಾಗಿ ಹೊಡೆದು ಪಾಯಿಂಟ್ ಪಡೆದರೆ ಎಡಜೇಬಿಗೊಂದು ಹುಣಸೆ ಬೀಜ, ನಾವೇ ತಪ್ಪಿ ಬಿಟ್ಟುಕೊಟ್ಟರೆ ಬಲಜೇಬಿಗೊಂದು. ಮುಷ್ಟಿಯಲ್ಲಿ ಬೀಜ ಹಿಡಿದು ವಾಲಿಬಾಲ್ ಆಡುವುದು ಹೇಗೆಂದು ದಯವಿಟ್ಟು ಕೇಳಬೇಡಿ. ಬಟ್ಟೆ ಒಗೆಯುವಾಗ ಬೀಜ ಸಿಕ್ಕರೆ ಮಹಾದೇವಿ, "ಜೇಬಿನ್ಯಾಗ ಗಿಡ ಹಚ್ಚಾಕತ್ತೀರೇನ್ರಿ?" ಎನ್ನುವಳು.

ಬಲಜೇಬೇ ಸದಾ ಭಾರ, ಬೈಯುತ್ತಲೇ ಭಜಿ ಕರಿಯುವವಳೂ ಮಹಾದೇವಿಯೇ. ಅಂದರೆ ಅವರು ಗೆಲ್ಲುತ್ತಿರಲಿಲ್ಲ, ನಾವೇ ಸೋಲುತ್ತಿದ್ದೆವು. ಗಾಳಿ, ಬಿಸಿಲು, ಜೋತುಬಿದ್ದ ನೆಟ್ಟು ಎಲ್ಲದರ ಮೇಲೂ ಸಂಶಯಪಟ್ಟೆ. ನಮ್ಮಲ್ಲಿ ಒಬ್ಬರು ಹೆಚ್ಚಿಗೆ ಇದ್ದುದರಿಂದ ದಿನಕ್ಕೊಬ್ಬರು ಹೊರಗೆ ಕೂರುವ ಪಾಳಿ ಇತ್ತು. ನಾನು ಹೊರಗೆ ಕೂತ ದಿನ ಮಾತ್ರ ಬಲಜೇಬು ಹಗುರ, ಗೆಲುವು ನಮ್ಮದು! ತಿರುಗಿ ಲೆಕ್ಕ ಮಾಡಿದೆ. ಉತ್ತರ ಬದಲಾಗಲಿಲ್ಲ.

ತುಂಬಾ ಸಂಕಟವಾಯಿತು. ಇಡೀ ದಿನ ನಾನು ಕಾಯುತ್ತಿದ್ದುದೇ ಆ ಸಂಜೆಗಾಗಿ. ಆದರೂ ಡ್ರಿಲ್ ಮಾಸ್ತರ ಶರಣಪ್ಪನವರಿಗೆ ಬೀಜದ ಲೆಕ್ಕ ಒಪ್ಪಿಸಿ, "ನಾ ಇನ್ನ ಆಡಂಗಿಲ್ರಿ" ಎಂದೆ. ಅವರು ನಕ್ಕರು. "ಅದು ನಮಗೆಲ್ಲಾರಿಗೂ ಮೊದಲೇ ಗೊತ್ತದರಿ ಸರ. ಆದ್ರ ನೀವು ಇಲ್ಲಂದ್ರ ಆಟಕ್ಕ ಮಜಾನೇ ಬರಂಗಿಲ್ರಿ. ಸುಮ್ನ ಬರ್ರಿ." ನನ್ನ ಕಣ್ಣು ತುಂಬಿ ಬಂತು.

ಮನೆಗೆ ಬಂದು ಮಹಾದೇವಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ನಾಳಿ ಆಡ್ತೀರೋ, ಹೊರಗ ಕುಂದುರ್ತೀರೋ?"

"ಆಡ್ತೇನಿ" ಎಂದೆ ಮೆಲ್ಲಗೆ.

ಅವಳು ಡಬ್ಬಿ ಇಳಿಸಿ ಒಳಗೆ ಇಣುಕಿದಳು. "ಕಡ್ಲಿ ಹಿಟ್ಟು ಸಾಲಂಗಿಲ್ಲ. ಈಗ್ಲೇ ಹೋಗಿ ತರ್ರಿ" ಎಂದಳು.

ನನ್ನ ಆಟವನ್ನು ಅವಳಷ್ಟು ನಂಬಿದವರು ಬೇರೆ ಯಾರೂ ಇರಲಿಲ್ಲ.