ಕಣ್ಣೂ ಗಾಢ, ತುಟಿಯೂ ಗಾಢ

ಎಲ್ಲಕ್ಕೂ ಕಾರಣ ಪಕ್ಕದ ಪೋರ್ಷನ್ನಿನ ಗ್ರೀಷ್ಮಾ ಆಡಿದ ಒಂದು ಮಾತು. ಬುಧವಾರ ಸಂಜೆ ಕೊತ್ತಂಬರಿ ಸೊಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತು ಕಾಂತಾಮಣಿಯ ಮುಖವನ್ನು ದಿಟ್ಟಿಸಿ ನೋಡಿದಳು.

"ಬೇಜಾರು ಮಾಡ್ಬೇಡಿ ಅಕ್ಕಾ. ನಿಮ್ಮನ್ನು ನೋಡಿದ್ರೆ ಆಗ್ಲೇ ಕೆಲಸದಿಂದ ತೆಗೆದ ಹಾಗೆ ಉಂಟು. ಇಂಥ ಮುಖ ಕಣ್ಣೆದುರಿಗೆ ಇರುವಾಗ ಅವರು ಬೇರೆ ಯಾರನ್ನು ತೆಗೀತಾರೆ ಹೇಳಿ?"

ಮಾತು ಒರಟು, ಆದರೆ ಸುಳ್ಳಲ್ಲ. ಅಲ್ ಹಿಲಾಲ್‌ನಲ್ಲಿದ್ದ ಕಾಂತಾಮಣಿಯ ಆಫೀಸಿನಲ್ಲಿ ಕೆಲವು ತಿಂಗಳಿಂದ ಪ್ರತಿ ಗುರುವಾರ ಮಧ್ಯಾಹ್ನ ಯಾರಾದರೊಬ್ಬರ ಕೈಗೆ ಕಾಗದ ಬರುತ್ತಿತ್ತು. ಮರುದಿನದಿಂದ ರಜೆ, ಅಳುವವರು ಮನೆಯಲ್ಲಿ ಅಳಲಿ ಎಂಬ ಲೆಕ್ಕಾಚಾರ. ಕಟ್ಟಡಗಳಿಗೆ ಎ.ಸಿ. ಹಾಕುವ ಗುತ್ತಿಗೆ ಕಂಪನಿ ಅದು. ಕಟ್ಟಡಗಳು ಮುಗಿದಿದ್ದವು, ಈಗ ಜನ ಮುಗಿಯುತ್ತಿದ್ದರು. ನಕ್ಷೆ, ಪತ್ರಗಳ ಕಡತ ನೋಡಿಕೊಳ್ಳುವ ಡಾಕ್ಯುಮೆಂಟ್ ವಿಭಾಗದಲ್ಲಿ ಉಳಿದವರು ಇಬ್ಬರೇ, ಕಾಂತಾಮಣಿ ಮತ್ತು ಧನಂಜಯ. ಈ ವಾರ ಇಬ್ಬರಲ್ಲಿ ಒಬ್ಬರು ಎಂಬುದು ಟೀ ತರುವವನಿಗೂ ಗೊತ್ತಿತ್ತು.

ಕಾಂತಾಮಣಿಗೆ ಕೆಲಸ ಹೋದರೆ ಬರೀ ಕೆಲಸ ಹೋಗುವುದಿಲ್ಲ. ಗಂಡ ಮುದ್ದುಕೃಷ್ಣನ ಪ್ರಾಜೆಕ್ಟು ಮುಗಿದು ಅವನು ಮನೆಯಲ್ಲಿ ಕೂತು ವರ್ಷವಾಗುತ್ತಾ ಬಂದಿತ್ತು. ಮೂವರೂ ಈ ಗಲ್ಫ್ ದೇಶದಲ್ಲಿ ನಿಂತಿದ್ದೇ ಅವಳ ಕೆಲಸದ ವೀಸಾದ ಬಲದ ಮೇಲೆ. ಮಗಳು ಸಂಜನಾ ಹನ್ನೆರಡನೇ ಕ್ಲಾಸು. ವರ್ಷದ ನಡುವೆ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಹೋದರೆ ಆ ಹುಡುಗಿಯನ್ನು ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಪರೀಕ್ಷೆ ಮುಗಿಯುವ ತನಕ ಹೇಗಾದರೂ ಉಳಿಯಬೇಕು. ದೇವರ ಮುಂದೆ ನಿಂತಾಗ ಕಾಂತಾಮಣಿ ಈಚೆಗೆ ಬೇರೇನನ್ನೂ ಕೇಳುತ್ತಿರಲಿಲ್ಲ.

ಹಾಗಾಗಿ, "ನಾಳೆ ಬೆಳಿಗ್ಗೆ ನಾನು ಬರ್ತೇನೆ, ನಿಮ್ಮ ಮುಖ ನನಗೆ ಬಿಡಿ" ಎಂದು ಗ್ರೀಷ್ಮಾ ಹೇಳಿದಾಗ ಅವಳು ಬೇಡ ಎನ್ನಲಿಲ್ಲ.

ಮೇಕಪ್ಪಿನ ವಿಷಯದಲ್ಲಿ ಕಾಂತಾಮಣಿಗೆ ತನ್ನದೇ ಕಟ್ಟಳೆಗಳಿದ್ದವು. ಸ್ವಲ್ಪ ಪೌಡರು, ಕೂದಲೆಳೆಯಷ್ಟು ಕಾಡಿಗೆ, ಒಂದು ಬಿಂದಿ. ಕಣ್ಣು ಗಾಢವಾದರೆ ತುಟಿ ತಿಳಿಯಾಗಿರಬೇಕು, ತುಟಿ ಗಾಢವಾದರೆ ಕಣ್ಣು ಸುಮ್ಮನಿರಬೇಕು, ನಲವತ್ತೈದು ದಾಟಿದ ಮೇಲೆ ಕಣ್ಣು ತುಟಿ ಎರಡೂ ಸುಮ್ಮನಿರಬೇಕು. ಗ್ರೀಷ್ಮಾ ಈ ಕಟ್ಟಳೆಗಳನ್ನೆಲ್ಲ ಕೇಳಿ ತಲೆಯಾಡಿಸಿ, ಒಂದೊಂದನ್ನೂ ಮುರಿದಳು. ಅವಳು ಕರಾವಳಿಯವರ ಕೂಟದ ಕಾರ್ಯಕ್ರಮಗಳಲ್ಲಿ ಮಕ್ಕಳಿಗೆ ಬಣ್ಣ ಹಚ್ಚುವವಳು. ಐದು ವರ್ಷದ ಮಗುವನ್ನು ಅರ್ಧ ಗಂಟೆಯಲ್ಲಿ ಮಹಿಷಮರ್ದಿನಿ ಮಾಡಿದ ಕೈ ಅದು. ಕೊನೆಯ ಸಾಲಿನಲ್ಲಿ ಕೂತವರಿಗೂ ಕಾಣಬೇಕು ಎಂಬುದೊಂದೇ ಅವಳಿಗೆ ಗೊತ್ತಿದ್ದ ಅಳತೆ.

ಕಣ್ಣಿನ ಮೇಲೆ ಕಂದು ಬಣ್ಣ, ಅದರ ಮೇಲೆ ರೆಕ್ಕೆಯಂತೆ ಚಾಚಿದ ಐಲೈನರ್, ಕೆನ್ನೆಗೆ ಕೆಂಪು, ತುಟಿಗೆ ದಾಳಿಂಬೆ ಬಣ್ಣದ ಲಿಪ್‌ಸ್ಟಿಕ್. ಇದು ಊಟ ಮಾಡಿದರೂ ಹೋಗುವುದಿಲ್ಲ, ನಾಳೆಯವರೆಗೂ ನಿಲ್ಲುತ್ತದೆ ಎಂದು ಗ್ರೀಷ್ಮಾ ಭರವಸೆ ಕೊಟ್ಟಳು. ಕನ್ನಡಿಯಲ್ಲಿ ನೋಡಿದಾಗ ಕಾಂತಾಮಣಿಗೆ ಎದುರಿಗೆ ಯಾರೋ ದೊಡ್ಡ ಅಧಿಕಾರಿಯ ಹೆಂಡತಿ ನಿಂತ ಹಾಗೆ ಕಂಡಿತು. ಮುದ್ದುಕೃಷ್ಣ ಕಾಫಿ ಲೋಟ ಹಿಡಿದು ಬಂದವನು ನೋಡಿ, ಒಂದು ಕ್ಷಣ ನಿಂತು, ಲೋಟವನ್ನು ಎರಡೂ ಕೈಯಲ್ಲಿ ಕೊಟ್ಟ.

ಐನ್ ಖಾಲಿದ್‌ನ ಮನೆಯಿಂದ ಆಫೀಸಿಗೆ ಅವಳು ಹೋಗುತ್ತಿದ್ದುದು ರೂಬೆನ್ನನ ಕಾರ್‌ಲಿಫ್ಟಿನಲ್ಲಿ, ಅಂದರೆ ತಿಂಗಳಿಗಿಷ್ಟೆಂದು ಕೊಟ್ಟು ಹಲವರು ಹಂಚಿಕೊಳ್ಳುವ ವ್ಯಾನಿನಲ್ಲಿ. ದಿನಾ ಅವಳ ಜಾಗ ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ, ಯಾರದೋ ಊಟದ ಚೀಲದ ಪಕ್ಕ. ಇವತ್ತು ರೂಬೆನ್ ತಾನೇ ಇಳಿದು ಬಂದು ಮುಂದಿನ ಬಾಗಿಲು ತೆಗೆದ. ದಾರಿಯುದ್ದಕ್ಕೂ ಬಯ್ಯುತ್ತಾ, ಹಾರ್ನ್ ಹೊಡೆಯುತ್ತಾ ಓಡಿಸುವ ಮನುಷ್ಯ ಇವತ್ತು ರೇಡಿಯೋ ಸಣ್ಣ ಮಾಡಿ, ಮೇಡಂಗೆ ಎ.ಸಿ. ಜಾಸ್ತಿಯಾಯಿತೇ ಎಂದು ಎರಡು ಸಲ ಕೇಳಿದ. ಇಷ್ಟು ವರ್ಷ ಬಣ್ಣವಿಲ್ಲದ ಮುಖದಲ್ಲಿ ತಾನೇನೇನು ಕಳೆದುಕೊಂಡೆ ಎಂದು ಕಾಂತಾಮಣಿಗೆ ಆಗಲೇ ಸಂಕಟವಾಗತೊಡಗಿತು.

ಆಫೀಸಿನ ರಿಸೆಪ್ಷನ್ನಿನಲ್ಲಿ ಕೂರುವ ಫಿಲಿಪ್ಪೀನಿನ ಐವಿ ಅವಳನ್ನು ನೋಡಿ ಎದ್ದೇಬಿಟ್ಟಳು. ಹತ್ತಿರ ಬಂದು, ಕತ್ತಿನ ಬಳಿ ಬಣ್ಣ ಹೊಂದಿಕೊಳ್ಳದ ಕಡೆ ಟಿಶ್ಯೂವಿನಿಂದ ನಯವಾಗಿ ಒರೆಸಿ, ಇಂಟರ್‌ವ್ಯೂ ಎಷ್ಟು ಗಂಟೆಗೆ ಎಂದು ಕಿವಿಯಲ್ಲಿ ಕೇಳಿದಳು. ಇಂಟರ್‌ವ್ಯೂ ಗಿಂಟರ್‌ವ್ಯೂ ಏನೂ ಇಲ್ಲ ಎಂದಳು ಕಾಂತಾಮಣಿ. ಐವಿ ಕಣ್ಣು ಮಿಟುಕಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಹಾಗಾದರೆ ಇಂಟರ್‌ವ್ಯೂ ಮುಗಿದೇ ಹೋಗಿದೆ, ಕೆಲಸವೂ ಸಿಕ್ಕಿದೆ ಎಂದುಕೊಂಡಳು.

ಇಲ್ಲಿ ದುಡಿಯಲು ಬಂದವರ ಒಂದು ರೂಢಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೊಸ ಕೆಲಸ ಸಿಕ್ಕಿದವರು ವೀಸಾ ಸ್ಟಾಂಪ್ ಆಗುವ ತನಕ ಆ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲ. ದೃಷ್ಟಿ ತಾಗುತ್ತದೆ, ಯಾರಾದರೂ ಅಡ್ಡಗಾಲು ಹಾಕುತ್ತಾರೆ ಎಂಬ ಭಯ. ಕೇಳಿದರೆ ಖಡಾಖಂಡಿತವಾಗಿ ಇಲ್ಲ ಎನ್ನಬೇಕು. ಕೇಳಿದವರು ಅದನ್ನು ಹೌದೆಂದು ತಿಳಿದು ಸುಮ್ಮನಾಗಬೇಕು. ಬಸುರಿ ಹೆಂಗಸು ಮೂರು ತಿಂಗಳು ಸುದ್ದಿ ಮುಚ್ಚಿಡುವ ಹಾಗೆ ಇದೂ ಒಂದು ಮರ್ಯಾದೆ. ನಿಜವಾಗಿ ಕೆಲಸ ಸಿಗದವಳು ಇಲ್ಲ ಎಂದರೆ ಅವಳನ್ನು ನಂಬುವುದಕ್ಕೆ ಈ ರೂಢಿಯಲ್ಲಿ ಜಾಗವೇ ಇಲ್ಲ.

ಹತ್ತು ಗಂಟೆಯೊಳಗೆ ಕಾಂತಾಮಣಿಗೆ ಕೆಲಸ ಸಿಕ್ಕಿತ್ತು. ಹನ್ನೊಂದಕ್ಕೆ ಅದು ಉಮ್ಮ್ ಸಲಾಲ್ ಕಡೆಯ ದೊಡ್ಡ ಕಂಪನಿಯಾಯಿತು, ಹನ್ನೊಂದೂವರೆಗೆ ಹುದ್ದೆ ಮ್ಯಾನೇಜರ್ ಮಟ್ಟಕ್ಕೇರಿತು. ಅಕೌಂಟ್ಸಿನವನೊಬ್ಬ ಬಂದು, ಕಿಟಕಿಯ ಪಕ್ಕದ ಅವಳ ಕುರ್ಚಿ ಖಾಲಿಯಾದ ಮೇಲೆ ತನಗೆ ಬೇಕೆಂದು ಈಗಲೇ ಹೇಳಿಟ್ಟು ಹೋದ. ಕಾಂತಾಮಣಿ ಎಲ್ಲರಿಗೂ ಇಲ್ಲ, ಇಲ್ಲ ಎಂದಳು. ಇಲ್ಲ ಎಂದಷ್ಟೂ ಸುದ್ದಿ ಗಟ್ಟಿಯಾಗುತ್ತಾ ಹೋಯಿತು.

ಒಂದು ಸಲ ಮಾತ್ರ ಇಲ್ಲ ಎನ್ನಲಿಲ್ಲ. ಅದು ಧನಂಜಯ ಟೀ ತಂದುಕೊಟ್ಟಾಗ. ಮಂಡ್ಯದ ಕಡೆಯ ಆ ಮನುಷ್ಯ ಇಷ್ಟು ದಿನ ತನ್ನ ಕಡತಗಳನ್ನೂ ಇವಳ ಮೇಜಿಗೆ ತಳ್ಳಿ, ಊಟಕ್ಕೆ ಹೋದರೆ ಬೇಗ ಬರದವನು. ಇವತ್ತು ಟೀಗೆ ತಾನೇ ಸಕ್ಕರೆ ಕಲಕಿ, ತಗ್ಗಿದ ದನಿಯಲ್ಲಿ ಹೇಳಿದ:

"ಮೇಡಂ, ನಾನು ಏನೂ ಕೇಳಲ್ಲ. ಅಲ್ಲಿ ಸೇರಿದ ಮೇಲೆ ನನ್ನ ಸಿ.ವಿ. ಒಂದು ನೋಡಿ, ಅಷ್ಟೇ ಸಾಕು. ಹೆಂಡ್ತಿ ಅಮೂಲ್ಯಾಗೆ ಈಗ ದಿನ ತುಂಬಿದೆ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವಳ ಮುಂದೆ ಯಾರೂ ಹೀಗೆ ಕೈಕಟ್ಟಿ ನಿಂತಿರಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಆ ದಾಳಿಂಬೆ ತುಟಿಯಲ್ಲಿ ಸುಮ್ಮನೆ ನಕ್ಕು, ನೋಡೋಣ ಎಂದುಬಿಟ್ಟಳು. ಬಣ್ಣ ಗ್ರೀಷ್ಮಾಳದಾಗಿರಬಹುದು, ಆ ನಗು ಮಾತ್ರ ಕಾಂತಾಮಣಿಯದೇ. ಇದನ್ನು ಅವಳು ಆಮೇಲೆ ತನಗೆ ತಾನೇ ಒಪ್ಪಿಕೊಳ್ಳಬೇಕಾಯಿತು.

ಧನಂಜಯ ಅಲ್ಲಿಂದ ನೇರ ಮ್ಯಾನೇಜರ್ ಟೆರೆನ್ಸರ ಕೋಣೆಗೆ ಹೋದದ್ದು ಗಾಜಿನ ಗೋಡೆಯಲ್ಲಿ ಕಾಣಿಸಿತು. ಒಳಗೆ ಏನೋ ಹೇಳಿದ. ಟೆರೆನ್ಸ್ ಕತ್ತೆತ್ತಿ ಇತ್ತ ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ನೋಡೋಣ ಎಂದದ್ದು ಅಲ್ಲಿಗೆ ತಲುಪಿತೆಂದು ಕಾಂತಾಮಣಿಗೆ ಗೊತ್ತಾಯಿತು. ಕೂಡಲೇ ವಾಷ್‌ರೂಮಿಗೆ ಓಡಿ ಕಾಲು ಗಂಟೆ ಸೋಪು ಹಾಕಿ ಮುಖ ಉಜ್ಜಿದಳು. ಲಿಪ್‌ಸ್ಟಿಕ್ ಗ್ರೀಷ್ಮಾ ಹೇಳಿದಂತೆಯೇ ಗಟ್ಟಿಯದು, ಇದ್ದಲ್ಲಿಂದ ಅಲುಗಲಿಲ್ಲ. ಕಣ್ಣಿನ ಕಪ್ಪು ಮಾತ್ರ ಕರಗಿ ಕೆನ್ನೆಗಿಳಿಯಿತು. ಸೋಪು ಕಣ್ಣಿಗೆ ಹೋಗಿ ಎರಡೂ ಕಣ್ಣು ಕೆಂಡವಾದವು. ಅದೇ ಹೊತ್ತಿಗೆ ಐವಿ ಬಂದು ಬಾಗಿಲು ತಟ್ಟಿ, ಬಾಸ್ ಕರೆಯುತ್ತಿದ್ದಾರೆ, ಯಲ್ಲಾ, ಬೇಗ ಎಂದಳು.

ಟೆರೆನ್ಸ್ ಮಂಗಳೂರಿನವರು, ಕೆಟ್ಟವರಲ್ಲ. ಪ್ರತಿ ಗುರುವಾರ ಕಾಗದ ಕೊಟ್ಟ ಮೇಲೆ ಅವರು ಊಟ ಬಿಡುತ್ತಿದ್ದರು. ಕಾಂತಾಮಣಿಯ ಕೆಂಪು ಕಣ್ಣು ನೋಡಿ ಅವಳು ಅತ್ತಿದ್ದಾಳೆ ಎಂದುಕೊಂಡರು. ಕೂರಲು ಹೇಳಿ, ಎದುರಿನ ಟಿಶ್ಯೂ ಡಬ್ಬಿಯನ್ನು ಅವಳ ಕಡೆ ಸರಿಸಿದರು.

"ನೀವು ಎಂತದೂ ಹೇಳುದು ಬೇಡ, ನಾನು ಕೇಳುದೂ ಇಲ್ಲ ಮೇಡಂ. ನನಗೆ ಒಂದು ಥ್ಯಾಂಕ್ಸ್ ಹೇಳ್ಲಿಕ್ಕೆ ಉಂಟು, ಅಷ್ಟೇ. ನಿನ್ನೆಯೇ ಧನಂಜಯನ ಹೆಸರು ಟೈಪ್ ಮಾಡಿ ಇಟ್ಟಿದ್ದೆ. ನಿಮ್ಮನ್ನು ತೆಗೆಯುವ ಯೋಚನೆಯೇ ಇರ್ಲಿಲ್ಲ. ಆದ್ರೆ ಅವನ ಹೆಂಡತಿಯ ಸ್ಥಿತಿ ನೆನೆದ್ರೆ ಕಳಿಸ್ಲಿಕ್ಕೆ ಕೈ ಬರ್ಲಿಲ್ಲ. ಇವತ್ತು ನಿಮ್ಮ ಸುದ್ದಿ ಬಂತು. ಹೆಸರು ಬದಲಿಸಿ ಕಳಿಸಿದೆ. ಹೆಡ್ ಆಫೀಸಿಂದ ಹತ್ತೇ ನಿಮಿಷದಲ್ಲಿ ಅಪ್ರೂವಲ್ ಕೂಡ ಬಂತು."

ಕಾಂತಾಮಣಿಗೆ ಕುರ್ಚಿಯ ಕೈ ಹಿಡಿದುಕೊಂಡದ್ದಷ್ಟೇ ನೆನಪು.

"ಸರ್, ನನಗೆ ಬೇರೆ ಯಾವ ಕೆಲಸಾನೂ ಸಿಕ್ಕಿಲ್ಲ."

ಟೆರೆನ್ಸ್ ಅರ್ಥವಾಯಿತೆಂಬಂತೆ ಮೆಲ್ಲಗೆ ತಲೆಯಾಡಿಸಿದರು. "ಹೌದೌದು. ಸ್ಟಾಂಪ್ ಆಗುವ ತನಕ ಹಾಗೇ ಹೇಳ್ಬೇಕು."

"ದೇವರಾಣೆ ಸರ್. ನನ್ನ ಮಗಳ ಮೇಲಾಣೆ."

"ಮಕ್ಕಳ ಮೇಲೆಲ್ಲ ಆಣೆ ಬೇಡ ಮೇಡಂ. ಹಳೇ ಕಂಪನಿ ಬಿಡುವಾಗ ನಾನೂ ಮಾತೆ ಮರಿಯಮ್ಮನ ಮೇಲೆ ಆಣೆ ಹಾಕಿದ್ದೆ, ಇವತ್ತಿಗೂ ಬೇಜಾರುಂಟು." ಅವರು ಅವಳ ಮುಖವನ್ನು ಇನ್ನೊಮ್ಮೆ ನೋಡಿ ನಕ್ಕರು. "ಮತ್ತೆ, ಕೆಲಸ ಹೋಗ್ತದೆ ಅಂತ ಹೆದರಿದವರು ಇಷ್ಟು ಚಂದ ಮಾಡಿಕೊಂಡು ಬರ್ತಾರಾ?"

"ಹೆದರಿದ್ದಕ್ಕೇ ಹೀಗೆ ಬಂದೆ ಸರ್" ಎಂದಳು ಕಾಂತಾಮಣಿ. ಅವಳು ಆ ದಿನ ಆಡಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದು ಇನ್ನೊಂದಿರಲಿಲ್ಲ. ಟೆರೆನ್ಸ್ ಅದನ್ನು ತಮಾಷೆಯೆಂದೇ ತಿಳಿದರು. ಅವಳು ಬಿಕ್ಕಿ ಅಳತೊಡಗಿದಾಗ, ಹದಿನಾಲ್ಕು ವರ್ಷದ ಸಂಬಂಧ, ಹೀಗೇ ಆಗುವುದು ಎಂದು ಸಮಾಧಾನ ಹೇಳಿ, ಕಾಗದವನ್ನು ಕವರಿನಲ್ಲಿಟ್ಟು ಎರಡೂ ಕೈಯಲ್ಲಿ ಕೊಟ್ಟರು. ಅವಳು ಬಿಡದೆ ಗೋಗರೆದಳು. ಒಂದು ವೇಳೆ ನೀವು ಹೇಳುವುದು ನಿಜವೇ ಆದರೂ ಮೇಲ್ ಹೋಗಿಯಾಯಿತು, ಅಪ್ರೂವಲ್ ಆದ ಮೇಲೆ ಖಲಾಸ್, ನನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂದು ಅವರು ಎದ್ದು ನಿಂತರು.

ಹೊರಗೆ ಬಂದರೆ ಐವಿ ಕೇಕು ತರಿಸಿಯಾಗಿತ್ತು. ಕೆಲಸದಿಂದ ತೆಗೆದವರಿಗೆ ಆ ಆಫೀಸಿನಲ್ಲಿ ಯಾರೂ ಕೇಕು ತರುತ್ತಿರಲಿಲ್ಲ, ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಕಾಂತಾಮಣಿಯನ್ನು ಎಲ್ಲರೂ ಸುತ್ತುವರಿದು ಚಪ್ಪಾಳೆ ತಟ್ಟಿದರು. ಅವಳ ಕೈಗೆ ಪ್ಲಾಸ್ಟಿಕ್ ಚಾಕು ಕೊಟ್ಟರು, ಅವಳು ಕತ್ತರಿಸಿದಳು. ಧನಂಜಯ ಕೇಕಿನ ಚೂರು ಹಿಡಿದುಕೊಂಡೇ ಕಣ್ಣೀರು ಹಾಕಿದ. ಇವತ್ತು ತನ್ನ ಹೆಸರೇ ಇತ್ತೆಂದು ಟೆರೆನ್ಸ್ ಸರ್ ಹೇಳಿದರು, ನೀವು ನಮ್ಮ ಮನೆ ದೇವರ ಹಾಗೆ ಬಂದಿರಿ, ಹುಟ್ಟುವ ಮಗುವಿಗೆ ನಿಮ್ಮ ಹೆಸರೇ ಇಡುತ್ತೇವೆ ಎಂದ. ಕಾಂತಾಮಣಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೆ ಹೀಗೇ ಅಳುತ್ತಿದ್ದೆ ಎಂದಷ್ಟೇ ಅನ್ನಿಸಿತು.

ಸಂಜೆ ರೂಬೆನ್ ಮತ್ತೆ ಮುಂದಿನ ಸೀಟಿನಲ್ಲೇ ಕೂರಿಸಿದ. ದಾರಿಯಲ್ಲಿ ಅವಳು ಕವರು ತೆಗೆದು ಓದಿದಳು. ನೋಟಿಸಿನ ಅವಧಿ ಸಂಜನಾಳ ಪರೀಕ್ಷೆಗೆ ಮೊದಲೇ ಮುಗಿಯುತ್ತಿತ್ತು.

ಮನೆಯ ಬಾಗಿಲು ತೆರೆದಾಗ ತುಪ್ಪದಲ್ಲಿ ಹುರಿದ ದ್ರಾಕ್ಷಿಯ ವಾಸನೆ ಬಂತು. ಧನಂಜಯನ ಹೆಂಡತಿ ಅಮೂಲ್ಯಾ ಮಧ್ಯಾಹ್ನವೇ ಫೋನು ಮಾಡಿ ಮುದ್ದುಕೃಷ್ಣನಿಗೆ ಅಭಿನಂದನೆ ಹೇಳಿದ್ದಳು. ಅವನು ತಿಂಗಳುಗಳ ಮೇಲೆ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ಹಾಕಿ, ಶ್ಯಾವಿಗೆ ಪಾಯಸ ಮಾಡುತ್ತಿದ್ದ. ಸಂಜನಾ ಓಡಿಬಂದು ತಬ್ಬಿಕೊಂಡು, "ಅಮ್ಮಾ, ಸೋ ಹ್ಯಾಪಿ. ಇನ್ಮೇಲೆ ನಾನು ಟೆನ್ಶನ್ ಇಲ್ದೆ ಓದ್ತೀನಿ" ಎಂದಳು.

ಕಾಂತಾಮಣಿ ಕಾಗದವನ್ನು ಗಂಡನ ಕೈಗಿಟ್ಟು, ಕೆಲಸ ಹೋಯಿತು, ಬೇರೆ ಕೆಲಸ ಇಲ್ಲ ಎಂದು ನೇರವಾಗಿ ಹೇಳಿದಳು. ಮುದ್ದುಕೃಷ್ಣ ಓದಿ ಇನ್ನಷ್ಟು ನಕ್ಕ. ಹೊಸ ಕಡೆ ಸೇರಬೇಕಾದರೆ ಹಳೇ ಕಡೆ ಬಿಡಬೇಕಲ್ಲ, ಅವರೇ ತೆಗೆದ ಹಾಗೆ ಬರೆಸಿಕೊಂಡು ಪರಿಹಾರದ ದುಡ್ಡು ಉಳಿಸಿಕೊಂಡದ್ದು ಜಾಣತನ, ಆದರೂ ಕಟ್ಟಿಕೊಂಡ ಗಂಡನಿಗಾದರೂ ಹೇಳಬಹುದಿತ್ತು ಎಂದ. ನಂತರ ತನ್ನಷ್ಟಕ್ಕೆ ತಾನೇ, ಬೇಡ ಬೇಡ, ಸ್ಟಾಂಪ್ ಆಗಲಿ ಎಂದು ಪಾಯಸ ಕಲಕಲು ಹೋದ.

ಈ ಮುಖ ಇರುವ ತನಕ ತನ್ನ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಬಚ್ಚಲಿಗೆ ಹೋಗಿ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ತಿಕ್ಕಿದಳು. ಕೊನೆಗೂ ತುಟಿಯ ಬಣ್ಣ ಬಿಟ್ಟಿತು. ಕನ್ನಡಿಯಲ್ಲಿ ತನ್ನ ಹಳೆಯ ಮುಖ, ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಪಕ್ಕದ ಗೆರೆಗಳ ಸಮೇತ ವಾಪಸು ಬಂದಿತ್ತು. ಅವಳು ಅಡುಗೆಮನೆಯ ದೀಪದ ಕೆಳಗೆ ಬಂದು ನಿಂತಳು.

"ರೀ, ನನ್ನ ಮುಖ ನೋಡಿ ಹೇಳಿ. ನಾನು ಸುಳ್ಳು ಹೇಳ್ತಿದೀನಾ?"

ಮುದ್ದುಕೃಷ್ಣ ತಿರುಗಿ ನೋಡಿದ. ನೋಡುತ್ತಾ ಅವನ ನಗು ಇಳಿಯಿತು. ಸೌಟನ್ನು ಪಾತ್ರೆಯ ಮೇಲಿಟ್ಟು, ಹತ್ತಿರ ಬಂದು, ಸಂಜನಾಗೆ ಕೇಳಿಸದಂತೆ ದನಿ ತಗ್ಗಿಸಿದ.

"ಕಾಂತಾ, ತಪ್ಪು ತಿಳ್ಕೋಬೇಡ. ಹೊಸ ಆಫೀಸಿಗೆ ಮಾತ್ರ ಈ ಮುಖದಲ್ಲಿ ಹೋಗ್ಬೇಡ. ಗ್ರೀಷ್ಮಾಗೆ ಹೇಳಿದೀನಿ, ದಿನಾ ಬೆಳಿಗ್ಗೆ ಬಂದು ಮಾಡ್ಕೊಡ್ತಾಳಂತೆ."