ಲಾಳದ ಮಜ್ಜಿಗೆ

ನಮ್ಮ ಅತ್ತೆ ಊರಿನ ಎತ್ತುಗಳಿಗಿಂತ ಹೆಚ್ಚು ಲಾಳ ಸವೆಸಿದವಳು ಎಂದರೆ ನೀವು ನಂಬಲಿಕ್ಕಿಲ್ಲ! ಅತ್ತೆ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಕ್ಕಿಆಲೂರಿನ ನಮ್ಮ ಮನೆಗೆ ಬಂದವಳು, ಅಡುಗೆಮನೆಯ ಒಡತಿಯಾಗಿಬಿಟ್ಟಿದ್ದಳು. ಎಪ್ಪತ್ತರ ದಶಕದಲ್ಲಿ ಯಾರೋ ನರ್ಸಬಾಯಿ ರಕ್ತಕ್ಕೆ ಕಬ್ಬಿಣ ಬೇಕು ಎಂದದ್ದೇ ತಡ, ಎತ್ತಿನ ಹಳೆಯ ಲಾಳವನ್ನು ತೊಳೆದು, ಒಲೆಯಲ್ಲಿ ಕೆಂಪಗೆ ಕಾಸಿ, ಮಜ್ಜಿಗೆಯ ಗಡಿಗೆಗೆ ಬಿಡತೊಡಗಿದಳು. ಚೊಂಯ್! ತಲೆನೋವೇ? ಲಾಳದ ಮಜ್ಜಿಗೆ. ಪರೀಕ್ಷೆಯೇ? ಅದಕ್ಕೂ ಲಾಳದ ಮಜ್ಜಿಗೆ!

ನಮ್ಮಕ್ಕನನ್ನು ನೋಡಲು ಹಿರೇಕೆರೂರಿನಿಂದ ಗಂಡಿನ ಕಡೆಯವರು ಬಂದಾಗಲೂ ಅದೇ. ಗಂಡಿನ ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ನಿಮ್ಮ ಮನ್ಯಾಗ ಮಜ್ಜಿಗಿಗೂ ಲಾಳಾ ಹೊಡೀತೀರೇನ್ರಿ?"

"ಹೂಂ ಮತ್ತ! ಸೊಸಿ ಗಟ್ಟಿ ಬೇಕಂದ್ರ ಮಾವನೂ ಗಟ್ಟಿ ಇರಬೇಕ್ರಿ," ಎಂದಳು ಅತ್ತೆ. ಸಂಬಂಧ ಅಲ್ಲೇ ಕುದುರಿತು.

ನೆಂಟರು ಬಂದರೆ ಇನ್ನೊಂದು ಪದ್ಧತಿ. ತುಪ್ಪ, ಬೆಲ್ಲ, ಶೇಂಗಾ ಎಲ್ಲವೂ ಉಗ್ರಾಣ ಸೇರಿ ಕೀಲಿ ಬೀಳುತ್ತಿತ್ತು. ಆಮೇಲೆ ಮನೆಯವರು ಕೇಳಿದರೂ ಇಲ್ಲ! ಕೀಲಿಕೈ ಅವಳ ಸೆರಗಿನ ಗಂಟಿನಲ್ಲಿ. ಬರುಬರುತ್ತ ಆ ಗಂಟನ್ನು ಹಲ್ಲಿನಿಂದ ಬಿಚ್ಚುವ ಹೊಸ ಚಟ ಬೇರೆ ಹತ್ತಿತ್ತು. ನಾವೆಲ್ಲ ನಗುತ್ತಿದ್ದೆವು.

ಹೀಗೆ ಊರಿಗೆಲ್ಲ ಕಬ್ಬಿಣ ಕುಡಿಸಿದ ಅತ್ತೆಯೇ ಒಂದು ವರ್ಷ ಬಿಳಿಚಿಕೊಂಡಳು. ಒಂದು ಕೊಡ ನೀರು ಹೊತ್ತರೆ ಕಟ್ಟೆಯ ಮೇಲೆ ಕುಸಿದು ಕೂರುತ್ತಿದ್ದಳು. ಒಂದು ಲಾಳ ಎರಡಾಯಿತು, ಕಬ್ಬಿಣದ ಗುಳಿಗೆಯೂ ಬಂತು. ಉಪಯೋಗವಾಗಲಿಲ್ಲ. ನಮಗೆ ಹೆದರಿಕೆಯಾಯಿತು. ಅವ್ವ ಅವಳನ್ನು ಬಸ್ಸು ಹತ್ತಿಸಿ ಹಾನಗಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು. ಜೊತೆಗೆ ನಾನೂ ಹೋದೆ.

"ಕೈ ತೋರಸ್ರಿ," ಎಂದರು ಡಾಕ್ಟರು.

"ಕೈಯಾಗ ಏನೈತ್ರಿ? ಕಣ್ಣ ನೋಡ್ರಿ, ನಾಲಗಿ ನೋಡ್ರಿ!" ಎಂದು ಅತ್ತೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಡಾಕ್ಟರು ಬಿಡಲಿಲ್ಲ. ಬೆರಳುಗಳ ಸಂದು ಸಂದೂ ಬಾತಿದ್ದವು. ರಕ್ತಪರೀಕ್ಷೆ ಮುಗಿದ ಮೇಲೆ ಬಿಡಿಸಿ ಹೇಳಿದರು: "ಕಬ್ಬಿಣ ನಿಮ್ಮ ಮೈಯಾಗ ಐತ್ರಿ. ಆದ್ರ ಒಳಗ ಬಾವು ಇದ್ದಾಗ ರೋಗದ ಹುಳಾ ಹೊಕ್ಕಾವಂತ ಶರೀರ ತಿಳೀತೈತಿ. ಹುಳಕ್ಕೂ ಕಬ್ಬಿಣ ಬೇಕಲ್ರಿ? ಅವಕ್ಕ ಸಿಗಬಾರದಂತ ಉಗ್ರಾಣದಾಗಿಟ್ಟು ಕೀಲಿ ಹಾಕತೈತಿ. ಆವಾಗ ರಕ್ತಕ್ಕೂ ಸಿಗೂದಿಲ್ಲ. ಕುಡದ ಕಬ್ಬಿಣಾನೂ ಕರುಳು ಒಳಗ ಬಿಡೂದಿಲ್ಲ. ನಿಮಗ ಹುಳಾ ಇಲ್ಲ, ಸಂದಿನ ಬಾವು ಐತಿ. ಮೊದಲ ಅದು ಇಳೀಬೇಕು."

"ಹಂಗಾರ ನನ್ನ ಮೈ ನನ್ನಂಗ ಐತಿ ಬಿಡ್ರಿ!" ಎಂದು ಅತ್ತೆ ಹೆಮ್ಮೆಪಟ್ಟಳು.

ಔಷಧಿ ಕೊಟ್ಟರು. ರೊಟ್ಟಿ ಬಡಿಯುವುದನ್ನು ಸದ್ಯ ಬಿಡಬೇಕು ಎಂದರು. ಅತ್ತೆಯ ಹೆಮ್ಮೆ ಅಲ್ಲೇ ಇಳಿಯಿತು.

ಮರಳುವ ಬಸ್ಸಿನಲ್ಲಿ ಅವಳು ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಕೀಲಿಕೈಯನ್ನು ಅವ್ವನ ಉಡಿಯಲ್ಲಿ ಹಾಕಿದಳು.

"ರೊಟ್ಟಿ ಬಡಿಯಾಕ ಆಗೂದಿಲ್ಲಂದ್ರ ಆ ಮನ್ಯಾಗ ನಂದೇನೈತಿ? ಅದಕ್ಕ ಕೈ ಮುಚ್ಚಿಟ್ಟಿದ್ದೆ ತಂಗಿ."

ಅವ್ವ ಅತ್ತೆಯ ಸೆರಗನ್ನು ಎಳೆದುಕೊಂಡು ಕೀಲಿಕೈಯನ್ನು ಮತ್ತೆ ಅದಕ್ಕೇ ಕಟ್ಟಿದಳು.

"ರೊಟ್ಟಿ ನಾ ಬಡೀತೇನ್ರಿ ಅಕ್ಕಾರ. ಇದು ನಿಮ್ಮ ಕಡೇನ ಇರಲಿ. ಇಲ್ಲಂದ್ರ ನಿಮ್ಮ ತಮ್ಮ ಬೆಲ್ಲಾ ಉಳಸ್ತಾರೇನು?"

ಗಂಟನ್ನು ಅವ್ವ ಸಡಿಲವಾಗಿ ಹಾಕಿದ್ದಳು, ಬಾತ ಬೆರಳಿಗೂ ಬಿಚ್ಚಲು ಬರುವಂತೆ. ಬಾವು ಇಳಿಯುವವರೆಗೂ ದಿನಾ ಬೆಳಿಗ್ಗೆ ಅವ್ವನೇ ಬಂದು ಹಾಗೆ ಕಟ್ಟಿ ಹೋಗುತ್ತಿದ್ದಳು.